ಆಟದ ಪೆಟ್ಟಿಗೆ ಬೇರೆ, ಕಸೂತಿಯ ಪೆಟ್ಟಿಗೆ ಬೇರೆ

ಊರವರ ಬಟ್ಟೆಗೆಲ್ಲ ಕಸೂತಿ ಹಾಕಿಕೊಡುವ ಕಸೂತಿಯಮ್ಮನ ಗಂಡ ಬಸ್ ಡ್ರೈವರ್. ಹಗಲೆಲ್ಲ ಹಾರ್ನ್ ಒತ್ತುವುದಕ್ಕೂ ಸಂಕೋಚಪಡುವ ಸಾಧು ಪ್ರಾಣಿ. ಸಂಜೆ ಗೇಮಿಂಗ್ ಕಂಪ್ಯೂಟರಿನಲ್ಲಿ ಕಾರ್ ರೇಸಿಗೆ ಇಳಿದನೋ, ಮೈಮೇಲೆ ಬಂದವನ ಹಾಗೆ ಆಡುತ್ತಿದ್ದ. ಸೋತರೆ ಕಾಲ್ಬೆರಳಲ್ಲಿ ಎಕ್ಸ್‌ಟೆನ್ಶನ್ ಬೋರ್ಡಿನ ಸ್ವಿಚ್ಚನ್ನೇ ಆರಿಸಿಬಿಡುವುದು ಅವನ ಪದ್ಧತಿ. ಅಂಥ ಸಿಟ್ಟಿಗೆ ಏನೆನ್ನೋಣ ಹೇಳಿ!

ಅವಳ ಡಿಸೈನುಗಳೂ ಅದೇ ಕಂಪ್ಯೂಟರಿನಲ್ಲಿದ್ದವು. ಸೆಕೆಂಡ್‌ಹ್ಯಾಂಡ್ ಕಸೂತಿ ಯಂತ್ರಕ್ಕೆ ಸ್ವಂತ ನೆನಪಿಲ್ಲ. ಕಂಪ್ಯೂಟರನ್ನು ಕೇಳಿ ಕೇಳಿಯೇ ಹೊಲಿಯಬೇಕು. ನಡುವೆ ಅದು ಆರಿದರೆ ಸೂಜಿ ಜಾಗ ತಪ್ಪಿ ಬಟ್ಟೆ ಕೆಟ್ಟ ಹಾಗೇ.

ಅಂಥದ್ದರಲ್ಲಿ ಟೀಚರೊಬ್ಬರು ತೀರಿಕೊಂಡ ತಮ್ಮ ತಂದೆಯ ಶಾಲು ತಂದರು. ಅದರ ಅಂಚಿನಲ್ಲಿ ತಂದೆಯ ಸಹಿ, ಅವರು ಕಾಗದದ ಮೇಲೆ ಹಾಕುತ್ತಿದ್ದ ಹಾಗೇ, ಕಸೂತಿಯಲ್ಲಿ ಬರಬೇಕಂತೆ. "ಕೆಟ್ಟರೆ ಇನ್ನೊಂದಿಲ್ಲ ಕಣಮ್ಮ" ಎಂದರು.

ಆಕೆ ಅಟ್ಟದಲ್ಲಿ ಧೂಳು ತಿನ್ನುತ್ತಿದ್ದ ಹಳೇ ಕಂಪ್ಯೂಟರನ್ನು ಇಳಿಸಿದಳು. "ರೀ, ಇದನ್ನ ಸರ್ವರ್ ಮಾಡ್ತೀನಿ. ನನ್ನ ಡಿಸೈನ್ ಕಾದು, ಯಂತ್ರ ಕೇಳಿದಾಗ ಕೊಡೋದೊಂದೇ ಇದರ ಕೆಲಸ."

"ಪರದೆಯೇ ಇಲ್ವಲ್ಲೇ, ಕಣ್ಮುಚ್ಕೊಂಡು ಕಾಯುತ್ತಾ?"

"ಕಣ್ಬಿಟ್ಕೊಂಡು ನೀವು ಕಾದಿದ್ದು ನೋಡಿದ್ದೀನಲ್ಲ."

ವಿಡಿಯೊ ನೋಡಿ, ತಪ್ಪು ಮಾಡಿ, ಅಳಿಸಿ, ಮತ್ತೆ ಹಾಕಿ, ಕೊನೆಗೂ ಸರ್ವರ್ ಎದ್ದಿತು. ಚಿಂದಿ ಬಟ್ಟೆಯ ಮೇಲೆ ಪರೀಕ್ಷೆಗಿಟ್ಟರೆ ಅರ್ಧಕ್ಕೇ ನಿಂತುಹೋಯಿತು. ಯಾಕಂತೀರಾ? ಮಹಾತಾಯಿ ಸರ್ವರನ್ನೂ ಗಂಡನ ಅದೇ ಬೋರ್ಡಿಗೆ ಸಿಕ್ಕಿಸಿದ್ದಳು. ರೇಸಿನಲ್ಲಿ ಸೋತವನು ಅವನು, ನಿಂತದ್ದು ಇವಳ ಸೂಜಿ. ತನ್ನ ಪೆದ್ದುತನಕ್ಕೆ ಅವಳಿಗೆ ಅಳುವೇ ಬಂತು. ಆದರೆ ಬಿಡುವ ಪೈಕಿಯಲ್ಲ. ಸರ್ವರನ್ನು ಹೊಲಿಗೆ ಕೋಣೆಗೆ ಹೊತ್ತೊಯ್ದು, ಗೋಡೆಯ ಬೇರೆ ಪ್ಲಗ್ಗಿಗೆ ಹಾಕಿ, ಯಂತ್ರಕ್ಕೆ ನೇರ ವೈರು ಎಳೆದಳು.

ರಜಾ ದಿನ ಶಾಲನ್ನು ಯಂತ್ರಕ್ಕೆ ಬಿಗಿದಳು. ಗಂಡನಿಗೂ ಪಾಪ ಅನ್ನಿಸಿರಬೇಕು. "ಇವತ್ತು ಆಡಲ್ಲ ಬಿಡು" ಎಂದ.

"ಆಡಿ. ನೀವು ಸುಮ್ಮನಿದ್ದಾಗ ಮಾತ್ರ ನಡೆಯೋ ಕೆಲಸ ನನಗೆ ಬೇಡ."

ಸಹಿ ಅರ್ಧಕ್ಕೆ ಬಂದಾಗ ಆಚೆ ಕೋಣೆಯಲ್ಲಿ ಸ್ವಿಚ್ಚು ಟಕ್ಕೆಂದಿತು. ಅವಳು ಥಟ್ಟನೆ ಯಂತ್ರದ ಮೇಲೆ ಬಗ್ಗಿದಳು. ಸೂಜಿ ಮಾತ್ರ ತನ್ನ ಪಾಡಿಗೆ ತಾನು ಹೊಲಿಯುತ್ತಲೇ ಇತ್ತು.

ಅವನು ಗಾಬರಿಯಾಗಿ ಬಾಗಿಲಿಗೆ ಓಡಿಬಂದ. "ಸೋತೆ ಕಣೇ, ಕಾಲು ಕೇಳಲಿಲ್ಲ."

"ನನಗೇನೂ ಆಗಲಿಲ್ಲ" ಎಂದಳು, ಸೂಜಿಯಿಂದ ಕಣ್ಣು ಕೀಳದೆ.

ಮರುದಿನ ಟೀಚರ್ ಆ ಸಹಿಯ ಮೇಲೆ ಬೆರಳಾಡಿಸಿದರು. "ಕೊನೇ ಅಕ್ಷರಕ್ಕೆ ಅಪ್ಪ ಹೀಗೇ ಅವಸರ ಮಾಡೋರು" ಎನ್ನುತ್ತ ಶಾಲನ್ನು ಮುಖಕ್ಕೊತ್ತಿಕೊಂಡು ಅತ್ತುಬಿಟ್ಟರು.