ಎಮ್ಮಿ ಒಪ್ಪಿದ ಸೀರಿ

ಹೆಂಡತಿ ತೀರಿಹೋದ ಮೇಲೆ ನಮ್ಮ ಎಮ್ಮಿ ಯಾರಿಗೂ ಕೆಚ್ಚಲು ಮುಟ್ಟಗೊಡುವುದಿಲ್ಲ. ಆಕಿಯ ಸೀರಿ ಹೊದ್ದು ಕುಂತರಷ್ಟೇ ನನಗೂ ಹಾಲು ಕೊಡುತ್ತದೆ. ಮೊನ್ನೆ ಕೆಚ್ಚಲು ಬಾತಿತು. ಆಕಿ ಸಾಕಿದ ಎಮ್ಮಿ ಎಲ್ಲಿ ಕೈಬಿಟ್ಟು ಹೋಗುತ್ತದೋ ಅಂತ ಅಂಜಿ, ದೇವಾಪುರದಾಗ ಪಶುವೈದ್ಯ ಕಾಲೇಜಿನವರು ಹಾಕಿದ್ದ ಕ್ಯಾಂಪಿಗೆ ಹೊಡೆದುಕೊಂಡು ಹೋದೆ. ಕಾಲೇಜಿಗೆ ಮಾನ್ಯತೆ ಕೊಡಬೇಕೋ ಬ್ಯಾಡೋ ನೋಡಲು ಅವತ್ತೇ ಒಬ್ಬ ಸಾಹೇಬರು ಬಂದಿದ್ದರು.

ಕೆಚ್ಚಲಿಗೆ ಔಷಧ ಹಾಕಲು ಹೋದ ಇಬ್ಬರು ಕಾಲೇಜು ಹುಡುಗರನ್ನು ಎಮ್ಮಿ ಒದ್ದಿತು. ಆಮೇಲೆ ಅದೇ ಕಾಲೇಜಿನಾಗ ಓದುವ ಮಣಿಪುರದ ಹುಡುಗಿಯೊಬ್ಬಳು ಬಂದಳು. ಇದನ್ನು ಹೊದ್ದರಷ್ಟೇ ಮುಟ್ಟಗೊಡುತ್ತದೆ ಅಂತ ಹೇಳಿ, ಜೊತೆಗೆ ತಂದಿದ್ದ ಹೆಂಡತಿಯ ಸೀರಿ ತೆಗೆದೆ; ಕೊಡಲು ಮನಸ್ಸು ಬರಲಿಲ್ಲ. ಬೇರೆಯವರ ಮೈಮೇಲೆ ಅದನ್ನು ನೋಡಿದವನಲ್ಲ.

"ಕೊಡ್ರಿ ಕಾಕಾ, ಹೊಲಸು ಮಾಡಂಗಿಲ್ಲ," ಅಂದಳು. ಕನ್ನಡ ನಮ್ಮ ಕಡೆಯದೇ ಇತ್ತು.

ಕೊಟ್ಟೆ. ಬಿಳಿ ಕೋಟಿನ ಮೇಲೆ ಹೊದ್ದು, ತನ್ನ ಭಾಷೆಯಾಗ ಏನೋ ಅನ್ನುತ್ತಾ ಕುಂತಳು. ಎಮ್ಮಿ ಅಲುಗಲಿಲ್ಲ. ಔಷಧ ಒಳಗೆ ಹೋಯಿತು. ನನ್ನ ಮನಸ್ಸೂ ಹಗುರಾಯಿತು.

ಸಾಹೇಬರು ಕಾಲೇಜಿನ ಮಾಸ್ತರನ್ನು ಕೇಳಿದರು: "ದೂರದ ಮಕ್ಕಳು ಇಲ್ಲಿ ಹೊಂದ್ಕೊಂಡು ಇರ್ತಾರೇನ್ರಿ?"

"ಎಮ್ಮಿನೇ ಕೇಳ್ರಿ ಸರ್," ಅಂದರು ಮಾಸ್ತರು.

ಸಾಹೇಬರು ಎಮ್ಮಿ ಹತ್ತಿರ ಬರಲು ಹೆಜ್ಜೆ ಇಟ್ಟರು. ನಾನು ತಡೆದೆ. ಇನ್ನೊಂದು ಸೀರಿ ತಂದಿರಲಿಲ್ಲ.