ಕೊಂಕಕ್ಕ ಹಾಕದ ಸಹಿ

ಕಂಪ್ಯೂಟರ್ ಆಟಗಳನ್ನು ಆಡಿ ತಪ್ಪು ಹುಡುಕುವುದೇ ಅವಳ ನೌಕರಿ. ಒಂಬತ್ತು ವರ್ಷ ಅದನ್ನೇ ಮಾಡಿ ಆಫೀಸಿನಲ್ಲಿ ‘ಕೊಂಕಕ್ಕ’ ಎಂಬ ಹೆಸರು ಗಿಟ್ಟಿಸಿದ್ದಳು.

ಹೊಸ ಆಟದಲ್ಲೊಂದು ಊರು. ಅಲ್ಲಿನ ಪ್ರತಿ ಪಾತ್ರವೂ ಆಟಗಾರನ ಬಗ್ಗೆ ಒಂದು ಅಂಕಿ ಇಟ್ಟುಕೊಂಡಿರುತ್ತದೆ. ಉಪಕಾರ ಮಾಡಿದರೆ ಏರುತ್ತದೆ, ಕದ್ದರೆ ಹೊಡೆದರೆ ಇಳಿಯುತ್ತದೆ. ಐವತ್ತು ದಾಟಿದವನನ್ನು ಮನೆಯೊಳಗೆ ಕರೆಯುತ್ತಾರೆ. ಸೊನ್ನೆಗಿಂತ ಕೆಳಗಿಳಿದವನ ಮುಖಕ್ಕೆ ಬಾಗಿಲು ಹಾಕುತ್ತಾರೆ.

ನಾಲ್ಕು ಗಂಟೆಗೆ ಆಟದ ಬಿಡುಗಡೆ. ಅಷ್ಟರೊಳಗೆ ಪರೀಕ್ಷೆಯ ಹಾಳೆಗೆ ಅವಳ ಸಹಿ ಬೀಳಬೇಕು. ಮೂರೂವರೆಗೆ ಅವಳು ಕೊನೆಯ ಸಲ ಆಟಗಾರನ ವೇಷದಲ್ಲಿ ಆ ಊರು ಹೊಕ್ಕಳು. ಬ್ರೆಡ್ ಮಾಡುವ ಹೆಂಗಸನ್ನು ಒಲೆಯ ಮುಂದೆಯೇ ಇರಿದು ಕೊಂದಳು. ಎದುರು ಕಿಟಕಿಯಿಂದ ದರ್ಜಿ ನೋಡಿದ. ಅವನ ಅಂಕಿ ಒಂದೇ ಏಟಿಗೆ ತೊಂಬತ್ತು ಇಳಿಯಿತು. ಕಿಟಕಿ ಮುಚ್ಚಿ ಹೊಲಿಗೆಗೆ ಕೂತ. ಪಕ್ಕದ ಕೋಣೆಯಲ್ಲಿ ಸತ್ತವಳ ಮಗಳು ನಕ್ಕಳು: “ಬಾ ಅಣ್ಣ, ಕೂತ್ಕೋ. ಅಮ್ಮ ಒಲೆ ಹತ್ರ ಇದಾಳೆ.”

ಮಗಳ ಅಂಕಿ ಅರವತ್ತೆರಡು. ಕೂದಲೆಳೆಯಷ್ಟೂ ಕದಲಿರಲಿಲ್ಲ.

ಕಂಡವರು ಕಾಣದವರಿಗೆ ಸುದ್ದಿ ಮುಟ್ಟಿಸುವ ಭಾಗ ಆಟದಲ್ಲಿ ಮೊದಲು ಇತ್ತು. ಆಟ ನಿಧಾನವಾಗುತ್ತದೆಂದು ಮ್ಯಾನೇಜರ್ ಹೋದ ವಾರ ಅದನ್ನು ಕೀಳಿಸಿದ್ದ. ಕಿತ್ತ ಪ್ರೋಗ್ರಾಮರ್ ಕೊಂಕಕ್ಕನ ಬೆನ್ನ ಹಿಂದೆಯೇ ಕೂರುತ್ತಾನೆ. “ಇದು ಮೋಸ ಅಕ್ಕ” ಎಂದು ಟೀ ಕುಡಿಯುವಾಗ ಅವನೇ ಗೊಣಗಿದ್ದ.

ಮ್ಯಾನೇಜರ್ ಬಂದ. “ಏನಕ್ಕಾ, ಕೊಂಕು ಮುಗೀಲಿಲ್ವಾ? ಸಹಿ ಹಾಕಿ.”

“ಅಮ್ಮನ್ನ ಕೊಂದವನಿಗೆ ಮಗಳು ಕೂತ್ಕೋ ಅಂತಿದಾಳೆ ಸರ್.”

“ಅವಳು ನೋಡಿಲ್ವಲ್ಲ.”

“ದರ್ಜಿ ನೋಡಿದಾನೆ. ಬಾಯಿ ಬಿಡ್ತಿಲ್ಲ.”

“ಅವನಿಗ್ಯಾಕ್ರೀ ಊರ ಉಸಾಬರಿ?”

“‘ನೀವು ಮಾಡಿದ್ದನ್ನ ಈ ಊರು ಮರೆಯಲ್ಲ’ ಅಂತ ಜಾಹೀರಾತಲ್ಲಿ ಬರ್ಕೊಂಡಿದೀವಿ. ಆ ಸುಳ್ಳಿಗೆ ನಾನು ಸಹಿ ಹಾಕಲ್ಲ.”

“ಹಾಕು ಅಂದ್ರೆ ಹಾಕು. ಇಲ್ಲಾಂದ್ರೆ ನಾಳೆಯಿಂದ ಆ ಕುರ್ಚಿ ನಿಂದಲ್ಲ.”

ಕೋಣೆಯಲ್ಲಿದ್ದ ಹತ್ತೂ ಕೀಬೋರ್ಡುಗಳು ನಿಂತವು. ಅವಳು ಹಿಂದೆ ತಿರುಗಿದಳು. ಪ್ರೋಗ್ರಾಮರ್ ಡ್ರಾಯರಿನಲ್ಲಿ ಏನನ್ನೋ ಹುಡುಕತೊಡಗಿದ. ಗಡಿಯಾರದಲ್ಲಿ ಇನ್ನು ಏಳು ನಿಮಿಷ.

ಅವಳು ಹಾಳೆಯ ಮೇಲೆ ‘ಫೇಲ್’ ಎಂದು ದಪ್ಪಗೆ ಬರೆದಳು. ಮ್ಯಾನೇಜರ್ ಅದನ್ನು ಹರಿದು, ಹೊಸ ಹಾಳೆಯೊಂದನ್ನು ಪ್ರೋಗ್ರಾಮರನ ಮೇಜಿಗೆ ಒಗೆದ. “ನೀನು ಹಾಕು.”

ಅವನು ಹಾಕಿದ. ನಾಲ್ಕಕ್ಕೆ ಸರಿಯಾಗಿ ಆಟ ಹೊರಬಿತ್ತು.

ಅವಳು ಟೀ ಲೋಟ, ಕನ್ನಡಕದ ಡಬ್ಬಿ ಎತ್ತಿಕೊಂಡು ಹೊರಟಳು. ಬಾಗಿಲ ಹತ್ತಿರ ಪ್ರೋಗ್ರಾಮರ್ ಪಿಸುಗುಟ್ಟಿದ: “ತಪ್ಪು ತಿಳ್ಕೋಬೇಡ ಅಕ್ಕ. ನಂಗೂ ಹೆಂಡ್ತಿ ಮಕ್ಕಳು ಇದಾರೆ.”

“ದರ್ಜಿಗೂ ಇದ್ರು ಕಣಪ್ಪ.”

ಮರುದಿನ ಬೆಳಿಗ್ಗೆ ಮ್ಯಾನೇಜರ್ ಒಳಗೆ ಬಂದಾಗ ಹತ್ತು ಜನರೂ ಕುರ್ಚಿಯಿಂದ ಅರ್ಧ ಎದ್ದು “ಗುಡ್ ಮಾರ್ನಿಂಗ್ ಸರ್” ಎಂದರು. ಹತ್ತೂ ಜನ ಕಣ್ಣಾರೆ ಕಂಡವರು. ಆ ದರ್ಜಿಯ ಅಂಕಿಯಾದರೂ ಇಳಿದಿತ್ತು.