ಮಾಳದ ಅಂಚಿನ ಹಸಿ ಟೊಂಗೆ

ಆ ಹಸಿ ಟೊಂಗೆ ಇಟ್ಟವಳು ನಾನು, ಬೀರಪ್ಪ ಕಾಕಾ. ಹನ್ನೊಂದು ವರ್ಷದಿಂದ ನೀವು ಕೇಳುತ್ತಲೇ ಇದ್ದೀರಿ, ಊರು ನಗುತ್ತಲೇ ಇದೆ. ನಾನು — ನಿಮ್ಮ ಪಕ್ಕದ ಮನೆಯ ಸುಮಿತ್ರಾ, ಸುಳ್ಳು ಹೇಳಬೇಡಿ ಎಂದು ಮಕ್ಕಳಿಗೆ ಕಲಿಸುವ ಟೀಚರ್ — ಬಾಯಿ ಹೊಲಿದುಕೊಂಡು ಕೂತಿದ್ದೇನೆ.

ಅಂದು ಹತ್ತು ಗಂಟೆಗೆ ಬೀದರಿನಲ್ಲಿ ನನ್ನ ಸಂದರ್ಶನ. ಭಾಲ್ಕಿಯ ಬಸ್ಸು ತಪ್ಪಿತ್ತು. ಉಳಿದದ್ದು ಒಂದೇ ದಾರಿ — ಸೈನಿಕರು ಗುಂಡು ಹಾರಿಸಿ ಅಭ್ಯಾಸ ಮಾಡುವ ಮಾಳ ದಾಟಿ ಔರಾದ ರಸ್ತೆ ಹಿಡಿಯುವುದು. ನಮ್ಮ ಬದಿಯ ಕಂಬದ ಮೇಲೆ, ಇಂದು ಗುಂಡು ಹಾರುತ್ತದೆ ಎನ್ನುವ ಕೆಂಪು ಬಾವುಟ ಏರಿತ್ತು. ನೋಡಲಿಲ್ಲ ಎನ್ನಲಾರೆ. ನೋಡಿದೆ. ಇಷ್ಟು ಬೇಗ ಎಲ್ಲಿ ಶುರು ಮಾಡುತ್ತಾರೆ ಎಂದುಕೊಂಡು ತಂತಿಯ ಕೆಳಗೆ ನುಸುಳಿದೆ.

ಒಬ್ಬಳೇ. ಮೊಣಕಾಲೆತ್ತರದ ಒಣ ಹುಲ್ಲು, ಕೆಂಪು ಕಲ್ಲು, ಅಡಗಲು ಒಂದು ಮರವೂ ಇಲ್ಲ. ಅರ್ಧ ದಾಟಿದಾಗ ಎಲ್ಲೋ ಜೀಪಿನ ಸದ್ದು — ಸರ್ಟಿಫಿಕೇಟಿನ ಫೈಲು ಎದೆಯಡಿ ಇಟ್ಟುಕೊಂಡು ಬೋರಲು ಬಿದ್ದೆ. ಸಿಡಿಯದೆ ಉಳಿದದ್ದು ಏನಾದರೂ ಈ ಹುಲ್ಲಿನೊಳಗೆ, ನನ್ನ ಕೈಯ ಪಕ್ಕದಲ್ಲೇ ಇದ್ದರೆ — ಸದ್ದು ದೂರವಾಯಿತು. ಎದ್ದು, ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆ.

ಆ ಬದಿಯ ತಂತಿ ದಾಟಿದೆ. ಆಮೇಲೆ — ಅಯ್ಯೋ, ಇದನ್ನು ಬರೆಯಲು ಕೈ ಬರುತ್ತಿಲ್ಲ. ಆ ಬದಿಯಿಂದ ನೋಡಿದರೆ ಬಾವುಟ ದಿಬ್ಬದ ಮರೆ. ಅದಕ್ಕೇ ಅಲ್ಲವೇ ನಮ್ಮ ಕುರಿಗಾರರ ಪದ್ಧತಿ? ದಾಟಿ ಬಂದವರು ತಂಗಡಿ ಗಿಡದ ಹಸಿ ಟೊಂಗೆ ಮುರಿದು ಕಲ್ಲಿನಡಿ ಇಡಬೇಕು. ಇಂದು ಬಾವುಟವಿಲ್ಲ, ಹಾದಿ ಖುಲ್ಲಾ ಎಂದು ಎದುರು ಬರುವವರಿಗೆ ಗುರುತು. ಚಿಕ್ಕಂದಿನಿಂದ ಅಪ್ಪನ ಕುರಿಗಳ ಹಿಂದೆ ಹೋಗಿ ರೂಢಿಯಾದ ಕೈ — ಟೊಂಗೆ ಮುರಿಯಿತು, ಕಲ್ಲಿನಡಿ ಇಟ್ಟಿತು. ನನ್ನ ಕಣ್ಣು ಬರುತ್ತಿದ್ದ ಬಸ್ಸಿನ ಮೇಲಿತ್ತು.

ಔರಾದ ಬದಿಯ ಹೊಲಗಳಲ್ಲಿ ಕುರಿ ನಿಲ್ಲಿಸಿ ಊರಿಗೆ ಮರಳುತ್ತಿದ್ದ ನೀವು ಅಲ್ಲಿಗೆ ಬಂದಿರಿ. ಟೊಂಗೆ ನೋಡಿದಿರಿ, ನಂಬಿ ಒಳಗೆ ಹೋದಿರಿ. ಗುಂಡಿನ ಚೂರು ಬಡಿದು ನಿಮ್ಮ ಎಡಗಾಲು ಹೋಯಿತು.

ಆಸ್ಪತ್ರೆಯಿಂದ ನೀವು ಬಂದ ದಿನ ಕಟ್ಟೆಯ ಮೇಲೆ ಜನವೋ ಜನ. "ಗುಂಡಿನ ಹಿತ್ತಾಳಿ ಚೂರು ಆರಸ್ಲಾಕ ಹೋಗ್ಯಾನ, ಗುಜರಿಗಿ ಮಾರ್ಲಾಕ" ಎಂದು ಯಾರೋ ಅಂದರು. ನೀವು ಗುಂಪಿನಲ್ಲಿ ನನ್ನನ್ನು ಹುಡುಕಿ ಕೇಳಿದಿರಿ: "ಸುಮಿ, ನೀ ಕಲ್ತಾಕಿ ಇದ್ದಿ, ನೀನರೆ ಹೇಳವ್ವಾ. ಯಾರೂ ಇಡಲಾರದ ಹಸಿ ಟೊಂಗಿ ಅಲ್ಲಿ ಹ್ಯಾಂಗ ಬರ್ತದ?"

ನೇಮಕಾತಿ ಪತ್ರ ಅದೇ ವಾರ ಬಂದಿತ್ತು. ಬಾವುಟ ಏರಿದಾಗ ಒಳಹೊಕ್ಕವರ ಮೇಲೆ ಕೇಸು.

"ನನಗ ಗೊತ್ತಿಲ್ಲರಿ ಕಾಕಾ" ಎಂದೆ.

ಅಂದಿನಿಂದ ನೀವು ಗುಜರಿ ಬೀರಪ್ಪ. ಅದನ್ನೂ ಕೇಳಿಸಿಕೊಂಡು ಸುಮ್ಮನಿದ್ದೆ, ಎಂಥ ಕಲ್ಲು ಮನಸ್ಸು ನನ್ನದು! ಮೊನ್ನೆ ಊರುಗೋಲು ಊರುತ್ತ ನಮ್ಮ ಅಂಗಳಕ್ಕೆ ಬಂದು ಮೆಲ್ಲಗೆ ಹೇಳಿದಿರಿ: "ನನಗೂ ಈಗ ಅನುಮಾನ ಆಗ್ಯಾದವ್ವಾ, ಟೊಂಗಿ ಖರೇನೇ ನೋಡಿದ್ನೋ ಇಲ್ಲೋ." ಅಂದು ನಿಮ್ಮ ಕಾಲು ಕಳೆದೆ. ಈಗ ನಿಮ್ಮ ಕಣ್ಣನ್ನೂ ಕಿತ್ತುಕೊಂಡಿದ್ದೇನೆ.

ನಾಳೆ ಬೆಳಿಗ್ಗೆ ಅದೇ ಕಟ್ಟೆಯ ಮೇಲೆ ಎಲ್ಲರೆದುರು ಇದನ್ನು ಓದುತ್ತೇನೆ. ಕೇಸು ಬೀಳಲಿ, ನೌಕರಿ ಹೋಗಲಿ. ಕ್ಷಮೆ ಕೇಳುವ ಮುಖ ನನಗಿಲ್ಲ. ನೀವು ನೋಡಿದ್ದು ಖರೇ, ಕಾಕಾ. ಟೊಂಗೆ ಅಲ್ಲಿತ್ತು.